ಅಣ್ಣನ ಮೊದಲ ಲಾರಿ ಕೆಲಸ

ಮಕ್ಕಳೇ, ಹೊಸೂರಿನಲ್ಲಿ ಹೆದ್ದಾರಿಯ ಪಕ್ಕದಲ್ಲಿ ನಿಂತು ನೀವು ಎಂದಾದರೂ ಲಾರಿಗಳನ್ನು ಎಣಿಸಿದ್ದೀರಾ? ಐವತ್ತು ಆಗುವಷ್ಟರಲ್ಲಿ ಲೆಕ್ಕ ತಪ್ಪಿಹೋಗುತ್ತದೆ. ಎಣಿಸುವ ಬದಲು ಅವುಗಳ ನಂಬರುಗಳನ್ನು ಓದಿ ನೋಡಿರಿ. ಟಿ.ಎನ್. 70 ಎಂದಿದ್ದರೆ ಅದು ಹೊಸೂರಿನದೇ ಲಾರಿ. ಟಿ.ಎನ್. 24 ಕೃಷ್ಣಗಿರಿಯದು. ಟಿ.ಎನ್. 28 ನಾಮಕ್ಕಲ್ಲಿನದು. ಕೆ.ಎ. ಎಂದರೆ ಪಕ್ಕದ ಕರ್ನಾಟಕದ್ದು ಎಂದು ನಿಮಗೆ ಗೊತ್ತೇ ಇದೆ. ಆರ್.ಜೆ. ರಾಜಸ್ಥಾನದ್ದು, ಎಚ್.ಆರ್. ಹರಿಯಾಣದ್ದು, ಎನ್.ಎಲ್. ಬಹುದೂರದ ನಾಗಾಲ್ಯಾಂಡಿನದು. ಪ್ರತಿ ಲಾರಿಯ ಗಾಜಿನ ಹಿಂದೆಯೂ ಒಬ್ಬ ಚಾಲಕನಿದ್ದಾನೆ. ಅವನೂ ಒಂದು ದಿನ ಹೊಸಬನಾಗಿದ್ದವನೇ. ಯಾವುದೋ ಕಂಪನಿಯ ಬಾಗಿಲಿಗೆ ಹೋಗಿ, "ಕೆಲಸ ಇದೆಯಾ?" ಎಂದು ಕೇಳಿದ್ದವನೇ.

ಆ ಮೊದಲ ಕಂಪನಿಯನ್ನು ಹೇಗೆ ಆರಿಸಬೇಕು ಎಂಬುದನ್ನು ಈ ಪಾಠದಲ್ಲಿ ತಿಳಿಯೋಣ. ಇದು ದೊಡ್ಡವರ ವಿಷಯವಲ್ಲವೇ ಎಂದು ನೀವು ಕೇಳಬಹುದು. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಅಪ್ಪನೋ, ಅಣ್ಣನೋ, ಮಾವನೋ ಲಾರಿ ಓಡಿಸುತ್ತಾರೆ. ಅವರು ರಾತ್ರಿ ಮನೆಗೆ ಬರುತ್ತಾರೋ ಇಲ್ಲವೋ ಎಂಬುದು ಮನೆಯಲ್ಲಿ ಕಾದು ಕುಳಿತವರ ವಿಷಯವೂ ಹೌದು.

ಮೊದಲು, ನಮ್ಮ ಕಡೆ ಇಷ್ಟೊಂದು ಲಾರಿಗಳು ಏಕೆ ಎಂದು ನೋಡೋಣ. ಕಾಶ್ಮೀರದ ಶ್ರೀನಗರದಿಂದ ಕನ್ಯಾಕುಮಾರಿಯವರೆಗೆ ಸುಮಾರು 3,700 ಕಿಲೋಮೀಟರ್ ಉದ್ದದ 44ನೆಯ ರಾಷ್ಟ್ರೀಯ ಹೆದ್ದಾರಿ ಇದೆ. ಅದು ಬೆಂಗಳೂರಿನಿಂದ ಅತ್ತಿಬೆಲೆ, ಜೂಜುವಾಡಿ ದಾಟಿ ಹೊಸೂರಿಗೆ ಬರುತ್ತದೆ. ಅಲ್ಲಿಂದ ಶೂಲಗಿರಿಯ ಮೇಲೆ ಕೃಷ್ಣಗಿರಿಗೆ ಹೋಗುತ್ತದೆ. ಕೃಷ್ಣಗಿರಿಯಲ್ಲಿ ದಾರಿ ಕವಲೊಡೆಯುತ್ತದೆ. ಒಂದು ಧರ್ಮಪುರಿ, ಸೇಲಂ ಕಡೆಗೆ, ಇನ್ನೊಂದು ರಾಣಿಪೇಟೆಯ ಮೂಲಕ ಚೆನ್ನೈ ಕಡೆಗೆ. ಹೀಗೆ ತೆಂಕಣ ಸೀಮೆಯ ಸರಕೆಲ್ಲ ನಮ್ಮ ಮನೆಯ ಮುಂದೆಯೇ ಹಾದುಹೋಗುತ್ತದೆ.

ಹಾದುಹೋಗುವುದು ಮಾತ್ರವಲ್ಲ, ಇಲ್ಲಿಂದಲೇ ಹೊರಡುವ ಸರಕೂ ಬಹಳ. ತಮಿಳುನಾಡು ಸರಕಾರವು 1971ರಲ್ಲಿ ಸ್ಥಾಪಿಸಿದ ಸಿಪ್ಕಾಟ್ ಸಂಸ್ಥೆಯು ಹೊಸೂರಿನಲ್ಲಿ ಕೈಗಾರಿಕೆಗಳಿಗೆ ನೆಲವನ್ನು ಒದಗಿಸಿತು. 1980ರಲ್ಲಿ ಅಶೋಕ್ ಲೇಲ್ಯಾಂಡ್ ಲಾರಿ ಕಾರ್ಖಾನೆಯೂ ಟಿ.ವಿ.ಎಸ್. ಮೊಪೆಡ್ ಕಾರ್ಖಾನೆಯೂ ಇಲ್ಲಿ ಕೆಲಸ ಆರಂಭಿಸಿದವು. ಆಮೇಲೆ ಟೈಟಾನ್ ಗಡಿಯಾರಗಳು ಬಂದವು. ಬಿಡಿಭಾಗ ಮಾಡುವ ಸಣ್ಣ ಪುಟ್ಟ ಕಾರ್ಖಾನೆಗಳು ಅದೆಷ್ಟೋ. ಇವುಗಳ ಜೊತೆಗೆ ಕೃಷ್ಣಗಿರಿಯ ಮಾವು, ರಾಯಕೋಟೆಯ ಟೊಮೆಟೊ, ಹೊಸೂರಿನ ಗುಲಾಬಿ, ಬೆಟ್ಟಗಳಿಂದ ತೆಗೆದ ಗ್ರಾನೈಟ್ ಕಲ್ಲು. ಇವೆಲ್ಲವೂ ಲಾರಿ ಏರಿಯೇ ಊರು ಬಿಡಬೇಕು.

ಈಗ ನಿಮ್ಮ ಅಣ್ಣನಿಗೆ ಲಾರಿ ಓಡಿಸುವ ಆಸೆ ಇದೆ ಎಂದಿಟ್ಟುಕೊಳ್ಳೋಣ. ಆಸೆಯಾದ ಮರುದಿನವೇ ಲಾರಿ ಹತ್ತಲು ಆಗುವುದಿಲ್ಲ. ಹದಿನೆಂಟು ವರ್ಷ ತುಂಬಿದ ಮೇಲೆ ಅವನು ಕಾರಿನಂಥ ಹಗುರ ವಾಹನದ ಲೈಸೆನ್ಸ್ ಪಡೆಯಬೇಕು. ಅದನ್ನು ಪಡೆದು ಒಂದು ವರ್ಷವಾದರೂ ಕಳೆದಿರಬೇಕು. ಇಪ್ಪತ್ತು ವರ್ಷ ತುಂಬಿರಬೇಕು. ಆಮೇಲೆಯೇ ದೊಡ್ಡ ಲಾರಿಯ ಲೈಸೆನ್ಸ್. ನಮ್ಮ ಕಡೆ ಇದನ್ನು 'ಹೆವಿ ಲೈಸೆನ್ಸ್' ಎನ್ನುತ್ತಾರೆ. ಹಿಂದೆ ಇದಕ್ಕೆ ಎಂಟನೆಯ ತರಗತಿ ಪಾಸಾಗಿರಬೇಕೆಂಬ ನಿಯಮವೂ ಇತ್ತು. 2019ರಲ್ಲಿ ಅದನ್ನು ತೆಗೆದುಹಾಕಿದರು. ಹಾಗೆಂದು ಓದು ಬೇಡವೆಂದು ತಿಳಿಯಬೇಡಿರಿ. ಸರಕಿನ ಚೀಟಿ, ಟ್ರಿಪ್ಪಿನ ಲೆಕ್ಕ, ದಾರಿಯ ಫಲಕ, ಇವನ್ನು ಓದಲಾರದ ಚಾಲಕ ಯಾರು ಏನು ಹೇಳಿದರೂ ನಂಬಬೇಕಾಗುತ್ತದೆ.

ಹಿಂದಿನ ಕಾಲದಲ್ಲಿ ಲಾರಿ ಕಲಿಯುವ ಬಗೆಯೇ ಬೇರೆ ಇತ್ತು. ಹುಡುಗ ಮೊದಲು ಕ್ಲೀನರ್ ಆಗಿ ಸೇರುತ್ತಿದ್ದ. ಗಾಜು ಒರೆಸುವುದು, ಟಾರ್ಪಾಲು ಹೊದಿಸಿ ಹಗ್ಗ ಬಿಗಿಯುವುದು, ಸುತ್ತಿಗೆಯಿಂದ ಟೈರು ತಟ್ಟಿ ಸದ್ದಿನಿಂದಲೇ ಗಾಳಿಯ ಅಳತೆ ತಿಳಿಯುವುದು, ಲಾರಿ ಹಿಂದಕ್ಕೆ ಬರುವಾಗ ಇಳಿದು ನಿಂತು "ಬರಲಿ, ಬರಲಿ" ಎಂದು ಕೂಗುವುದು, ಇವೆಲ್ಲ ಅವನ ಕೆಲಸ. ಹಾಗೆ ಕೆಲವು ವರ್ಷ ಚಾಲಕನ ಪಕ್ಕದಲ್ಲಿ ಕುಳಿತು ನೋಡಿ ನೋಡಿ ಕಲಿಯುತ್ತಿದ್ದ. ಇಂದು ಕ್ಲೀನರುಗಳು ಕಡಿಮೆಯಾಗಿದ್ದಾರೆ. ನಾಮಕ್ಕಲ್ಲಿನಲ್ಲಿ ಇರುವಂಥ ಚಾಲಕ ತರಬೇತಿ ಕೇಂದ್ರಗಳಲ್ಲಿ ಕಲಿತು ಬರುವವರು ಇದ್ದಾರೆ. ಆದರೆ ತರಬೇತಿಯ ಮೈದಾನ ಬೇರೆ, ಮಳೆಯ ರಾತ್ರಿಯ ಹೆದ್ದಾರಿ ಬೇರೆ. ಆದ್ದರಿಂದ ಲೈಸೆನ್ಸ್ ಕೈಗೆ ಬಂದಾಗ ಕಲಿಕೆ ಮುಗಿಯಿತು ಎನ್ನಲಾಗದು. ಉಳಿದ ಅರ್ಧವನ್ನು ಕಲಿಸುವುದು ಮೊದಲ ಕಂಪನಿ. ಅದು ಒಳ್ಳೆಯದನ್ನು ಕಲಿಸಬಹುದು, ಕೆಟ್ಟದ್ದನ್ನೂ ಕಲಿಸಬಹುದು.

ಅಣ್ಣನಿಗೆ ಯಾವ ಯಾವ ಕೆಲಸಗಳು ಸಿಗಬಹುದು? ಎಲ್ಲಕ್ಕಿಂತ ಚಿಕ್ಕದು, ನಾಲ್ಕು ಚಕ್ರದ ಸಣ್ಣ ಸರಕು ಗಾಡಿ. ತಮಿಳಿನಲ್ಲಿ ಇದನ್ನು 'ಕುಟ್ಟಿ ಯಾನೈ', ಅಂದರೆ ಮರಿಯಾನೆ ಎಂದು ಕರೆಯುತ್ತಾರೆ. ಅದರಲ್ಲಿ ತರಕಾರಿಯನ್ನೋ ಬಿಡಿಭಾಗಗಳನ್ನೋ ಹೇರಿಕೊಂಡು ಊರೊಳಗೆ ಓಡಾಡಬಹುದು. ಇನ್ನು ಸಿಪ್ಕಾಟ್ ಕಾರ್ಖಾನೆಗಳಿಗೆ ಬಿಡಿಭಾಗ ತಲುಪಿಸುವ ಲಾರಿಗಳು. ಇವು ದಿನಕ್ಕೆ ಹಲವು ಬಾರಿ ಒಂದೇ ದಾರಿಯಲ್ಲಿ ಓಡಾಡುತ್ತವೆ. ಗಂಟೆ ಹೊಡೆದಂತೆ ತಲುಪಬೇಕು. ಆದರೆ ಚಾಲಕ ಹೆಚ್ಚಾಗಿ ಮನೆಯಲ್ಲಿಯೇ ಮಲಗುತ್ತಾನೆ. ಪಾರ್ಸೆಲ್ ಕಂಪನಿಗಳ ಲಾರಿಗಳು ಸಂಜೆ ಹೊರಟು ಬೆಳಗಾಗುವಷ್ಟರಲ್ಲಿ ಇನ್ನೊಂದು ಊರು ಸೇರುತ್ತವೆ. ದ್ವಿಚಕ್ರ ವಾಹನಗಳನ್ನು ತುಂಬಿಕೊಂಡ ಉದ್ದನೆಯ ಕಂಟೇನರುಗಳು ಉತ್ತರ ಭಾರತಕ್ಕೆ ಹೋಗುತ್ತವೆ. ಅವುಗಳ ಚಾಲಕರು ವಾರಗಟ್ಟಲೆ ಮನೆಗೆ ಬರುವುದಿಲ್ಲ.

ಹೊಸೂರಿನವರು ಬಲ್ಲ ಇನ್ನೊಂದು ಕೆಲಸವಿದೆ. ಅದು ಚಾಸಿ ಓಡಿಸುವುದು. ಚಾಸಿ ಎಂದರೆ ಎಂಜಿನ್ನು, ಚಕ್ರ ಮತ್ತು ಉಕ್ಕಿನ ಚೌಕಟ್ಟು ಮಾತ್ರ ಇರುವ, ಇನ್ನೂ ಬಾಡಿ ಕಟ್ಟದ ಲಾರಿ. ಕಾರ್ಖಾನೆಯಿಂದ ಹೊರಬಂದ ಚಾಸಿಯನ್ನು ದೂರದ ಊರಿನ ವ್ಯಾಪಾರಿಗೋ, ಬಾಡಿ ಕಟ್ಟುವ ಶೆಡ್ಡಿಗೋ ಓಡಿಸಿಕೊಂಡು ಹೋಗಿ ಒಪ್ಪಿಸಬೇಕು. ಹಿಂದಿನ ಚಾಸಿಗಳಿಗೆ ಬಾಗಿಲೂ ಇರುತ್ತಿರಲಿಲ್ಲ, ಮೇಲೆ ಚಾವಣಿಯೂ ಇರುತ್ತಿರಲಿಲ್ಲ. ಚಾಲಕರು ತಲೆಗೆ ಟವೆಲು ಬಿಗಿದು, ಕಣ್ಣಿಗೆ ಕನ್ನಡಕ ಹಾಕಿಕೊಂಡು, ಬಿಸಿಲು ಮಳೆ ಎನ್ನದೆ ಸಾಲಾಗಿ ಹೋಗುವುದನ್ನು ನಿಮ್ಮ ಅಜ್ಜ ಅಜ್ಜಿಯರು ನೋಡಿರುತ್ತಾರೆ. ಕೇಳಿ ನೋಡಿರಿ. ಇಂದು ಕ್ಯಾಬಿನ್ ಇರುವ ಚಾಸಿಗಳೇ ಹೆಚ್ಚು. ಆದರೆ ಒಂದು ಕಷ್ಟ ಹಾಗೆಯೇ ಉಳಿದಿದೆ. ಹೋಗುವಾಗ ಗಾಡಿ ಇರುತ್ತದೆ, ಬರುವಾಗ ಇರುವುದಿಲ್ಲ! ರೈಲಿನಲ್ಲಿಯೋ ಬಸ್ಸಿನಲ್ಲಿಯೋ ಮರಳಬೇಕು. ಆದ್ದರಿಂದ ಇಂಥ ಕೆಲಸಕ್ಕೆ ಸೇರುವವನು, "ವಾಪಸ್ಸು ಬರುವ ಖರ್ಚು ಯಾರದು? ಆ ದಿನಗಳಿಗೆ ಸಂಬಳ ಇದೆಯೇ?" ಎಂದು ಮೊದಲೇ ಕೇಳಿಕೊಳ್ಳಬೇಕು.

ಗ್ರಾನೈಟ್ ಸಾಗಿಸುವ ಲಾರಿ ಮಾತ್ರ ಹೊಸಬನಿಗೆ ಬೇಡ ಎಂದು ನನಗೆ ಅನ್ನಿಸುತ್ತದೆ. ಕಾರಣವನ್ನು ಲೆಕ್ಕ ಮಾಡಿಯೇ ನೋಡಬಹುದು. ಒಂದು ಘನ ಮೀಟರ್ ಗ್ರಾನೈಟ್ ಸುಮಾರು 2.7 ಟನ್ ತೂಗುತ್ತದೆ. 3 ಮೀಟರ್ ಉದ್ದ, 2 ಮೀಟರ್ ಅಗಲ, ಒಂದೂವರೆ ಮೀಟರ್ ಎತ್ತರದ ಒಂದು ದಿಮ್ಮಿ ಎಂದರೆ 9 ಘನ ಮೀಟರ್. ಅದರ ತೂಕ 24 ಟನ್ನಿಗೂ ಹೆಚ್ಚು. 2018ರಲ್ಲಿ ಬದಲಾದ ನಿಯಮದಂತೆ ಮೂರು ಅಚ್ಚಿನ, ಹತ್ತು ಚಕ್ರದ ಲಾರಿ ಸರಕೂ ಸೇರಿ 28.5 ಟನ್ ಇರಬಹುದು. ಬರಿಯ ಲಾರಿಯೇ ಸುಮಾರು 10 ಟನ್ ಇರುತ್ತದೆ. ಕೂಡಿಸಿ ನೋಡಿ, 34 ಟನ್ ಆಯಿತಲ್ಲವೇ? ಅಂಥ ದಿಮ್ಮಿಗೆ ಇನ್ನೂ ದೊಡ್ಡ ಲಾರಿ ಬೇಕು, ನುರಿತ ಕೈ ಬೇಕು. ತಿರುವಿನಲ್ಲಿ ಸರಪಳಿ ಹರಿದರೆ ಕಲ್ಲು ಯಾರ ಮಾತನ್ನೂ ಕೇಳುವುದಿಲ್ಲ.

ಸರಿ, ಈಗ ಸಂಬಳದ ಮಾತಿಗೆ ಬರೋಣ. ಅಣ್ಣನಿಗೆ ಎರಡು ಕಡೆ ಕೆಲಸ ಸಿಕ್ಕಿದೆ ಎಂದು ಊಹಿಸಿರಿ. ಮೊದಲನೆಯ ಕಂಪನಿ, "ತಿಂಗಳಿಗೆ 15,000 ರೂಪಾಯಿ ಸಂಬಳ. ದಾರಿಯಲ್ಲಿರುವ ದಿನಗಳಿಗೆ ದಿನಕ್ಕೆ 300 ರೂಪಾಯಿ ಬಾಟಾ" ಎನ್ನುತ್ತದೆ. ಬಾಟಾ ಎಂದರೆ ಊಟ ತಿಂಡಿಯ ಹಣ. ಎರಡನೆಯ ಕಂಪನಿ, "ಸಂಬಳ ಇಲ್ಲ, ಬಾಟಾ ಇಲ್ಲ. ಟ್ರಿಪ್ಪಿಗೆ 3,000. ತಿಂಗಳಿಗೆ ಹತ್ತು ಟ್ರಿಪ್ ಹೊಡೆದರೆ 30,000!" ಎನ್ನುತ್ತದೆ. ಇವು ನಾವು ಲೆಕ್ಕಕ್ಕಾಗಿ ಇಟ್ಟುಕೊಂಡ ಅಂಕಿಗಳು. ಕೇಳಿದ ಕೂಡಲೇ ಎರಡನೆಯದೇ ಲಾಭ ಎನ್ನಿಸುತ್ತದೆ ಅಲ್ಲವೇ?

ಅಣ್ಣನಿಗೂ ಹಾಗೆಯೇ ಅನ್ನಿಸಿತು. ಅವನು ಇಪ್ಪತ್ತೈದು ವರ್ಷ ಲಾರಿ ಓಡಿಸಿದ ಸೋದರಮಾವನ ಬಳಿ ಹೋಗಿ ಹೇಳಿದ ಎಂದಿಟ್ಟುಕೊಳ್ಳಿರಿ. ಮಾವ ಏನು ಹೇಳುತ್ತಾರೆ?

"ಹತ್ತು ಟ್ರಿಪ್ ಅಂತ ಯಾರು ಹೇಳಿದರಪ್ಪ?"

"ಆಫೀಸಿನಲ್ಲಿ ಹೇಳಿದರು ಮಾವ."

"ಆಫೀಸಿನವರು ಹೇಳಿದರೆ ಆಗಲಿಲ್ಲ. ಅಲ್ಲಿ ಓಡಿಸುವವರನ್ನು ಕೇಳಬೇಕು. ಕಾರ್ಖಾನೆ ಗೇಟಿನಲ್ಲಿ ಲೋಡ್ ಇಳಿಸೋಕೆ ಎಷ್ಟು ದಿನ ಕಾಯಬೇಕು? ವಾಪಸ್ಸು ಲೋಡ್ ಸಿಗೋಕೆ ಎಷ್ಟು ದಿನ? ಕಾದ ದಿನಕ್ಕೆ ನಿನಗೇನು ಕೊಡುತ್ತಾರೆ?"

ಮಾವನ ಮಾತಿನಂತೆ ಲೆಕ್ಕ ಹಾಕೋಣ. ಕಾಯುವುದರಲ್ಲಿ ದಿನಗಳು ಕಳೆದು ತಿಂಗಳಿಗೆ ಏಳು ಟ್ರಿಪ್ ಮಾತ್ರ ಆಯಿತು. ಏಳು ಮೂರಲೆ ಇಪ್ಪತ್ತೊಂದು, 21,000 ರೂಪಾಯಿ. ದಾರಿಯಲ್ಲಿ ಇಪ್ಪತ್ತೈದು ದಿನ ಕಳೆದ. ಊಟಕ್ಕೆ ದಿನಕ್ಕೆ 200ರಂತೆ 5,000 ಕೈಯಿಂದಲೇ ಹೋಯಿತು. ಉಳಿದದ್ದು 16,000. ಮೊದಲನೆಯ ಕಂಪನಿಯಲ್ಲಾದರೆ, ಇಪ್ಪತ್ತು ದಿನ ದಾರಿಯಲ್ಲಿದ್ದರೂ 15,000 ಸಂಬಳ, 6,000 ಬಾಟಾ. ಅದರಲ್ಲಿ ಊಟಕ್ಕೆ 4,000 ಕಳೆದರೂ 17,000 ಮನೆಗೆ ಬರುತ್ತದೆ. ಮಳೆ ಬಂದು ಲಾರಿ ನಿಂತರೂ ಸಂಬಳ ನಿಲ್ಲುವುದಿಲ್ಲ. ಟ್ರಿಪ್ಪಿನ ಲೆಕ್ಕದಲ್ಲಿ ಮಾತ್ರ ಲಾರಿ ನಿಂತರೆ ಹೊಟ್ಟೆಯೂ ನಿಲ್ಲಬೇಕು.

ಆದರೆ ಸಂಬಳಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಅದು ನಿದ್ದೆ. ಹೊಸೂರಿನಿಂದ ಚೆನ್ನೈಗೆ ಸುಮಾರು 300 ಕಿಲೋಮೀಟರ್. ತುಂಬಿದ ಲಾರಿ ಏರು ತಗ್ಗು, ಟೋಲು, ಊರುಗಳನ್ನೆಲ್ಲ ದಾಟಿ ಗಂಟೆಗೆ ಸರಾಸರಿ 40 ಕಿಲೋಮೀಟರ್ ಹೋಗುತ್ತದೆ ಎಂದುಕೊಳ್ಳೋಣ. ಹಾಗಾದರೆ ಏಳೂವರೆ ಗಂಟೆಯ ದಾರಿ. ಹೋಗಿ, ಸರಕು ಇಳಿಸಿ, ಮಲಗಿ ಎದ್ದು ಬರುವುದಾದರೆ ತೊಂದರೆಯಿಲ್ಲ. "ಹೋಗಿ, ಕೂಡಲೇ ಹೊರಟು ಬಾ" ಎಂದರೆ ಹದಿನೈದು ಗಂಟೆ ಸ್ಟೀರಿಂಗ್ ಹಿಡಿದಂತಾಯಿತು. ಮನುಷ್ಯನಿಗೆ ನಡುರಾತ್ರಿಯ ನಂತರ, ಎರಡರಿಂದ ಐದು ಗಂಟೆಯೊಳಗೆ ನಿದ್ದೆ ಬಹಳ ಒತ್ತುತ್ತದೆ. ಕಣ್ಣು ತೆರೆದಿದ್ದರೂ ಕೆಲವು ಕ್ಷಣ ಮೆದುಳು ಮಲಗಿಬಿಡುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವ ಲಾರಿ ಮೂರು ಕ್ಷಣಗಳಲ್ಲಿ, ಅಂದರೆ ಮೂರು ಸೆಕೆಂಡುಗಳಲ್ಲಿ, 50 ಮೀಟರ್ ಮುಂದೆ ಹೋಗಿರುತ್ತದೆ. ನಿಮ್ಮ ಶಾಲೆಯ ಅಂಗಳಕ್ಕಿಂತ ಅದು ಉದ್ದವಾಗಿದ್ದರೂ ಇರಬಹುದು.

ಇದಕ್ಕೆ ಕಾನೂನು ಇಲ್ಲವೇ? ಇದೆ. 1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯ್ದೆಯು ದಿನಕ್ಕೆ ಎಂಟು ಗಂಟೆ, ವಾರಕ್ಕೆ ನಲವತ್ತೆಂಟು ಗಂಟೆ ಕೆಲಸ ಎಂದು ಹೇಳಿತು. ಐದು ಗಂಟೆ ದುಡಿದ ಮೇಲೆ ಅರ್ಧ ಗಂಟೆಯಾದರೂ ಬಿಡುವು ಕೊಡಬೇಕೆಂದಿತು. 2025ರ ನವೆಂಬರಿನಲ್ಲಿ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಆ ಕಾಯ್ದೆಯ ಸ್ಥಾನವನ್ನು ಪಡೆದವು. ಅವುಗಳಲ್ಲಿಯೂ ದಿನದ ಕೆಲಸ ಎಂಟು ಗಂಟೆಯೇ. ಯುರೋಪಿನ ದೇಶಗಳಲ್ಲಿ ನಾಲ್ಕೂವರೆ ಗಂಟೆ ಓಡಿಸಿದ ಮೇಲೆ ಮುಕ್ಕಾಲು ಗಂಟೆ ನಿಲ್ಲಿಸಲೇಬೇಕು. ನಿಲ್ಲಿಸಿದ್ದಾನೋ ಇಲ್ಲವೋ ಎಂದು ಬರೆದಿಡುವ ಯಂತ್ರವೊಂದು ಲಾರಿಯಲ್ಲಿಯೇ ಇರುತ್ತದೆ. ನಮ್ಮಲ್ಲಿ ನ್ಯಾಷನಲ್ ಪರ್ಮಿಟ್ ಲಾರಿಗಳಲ್ಲಿ ಇಬ್ಬರು ಚಾಲಕರು ಇರಬೇಕೆಂಬ ನಿಯಮವಿತ್ತು. 2018ರಲ್ಲಿ ಅದನ್ನು ಸಡಿಲಿಸಿದರು. ಹೀಗಾಗಿ ದೂರದ ಲಾರಿಗೆ ಒಬ್ಬನನ್ನು ಕಳಿಸುತ್ತಾರೋ ಇಬ್ಬರನ್ನು ಕಳಿಸುತ್ತಾರೋ ಎಂಬುದು ಈಗ ಕಂಪನಿಯ ಮೇಲೆ ನಿಂತಿದೆ. ಅಣ್ಣ ಕೇಳಬೇಕಾದ ಪ್ರಶ್ನೆಗಳಲ್ಲಿ ಇದೂ ಒಂದು.

ಇಲ್ಲೊಂದು ವಿಚಿತ್ರ ನೋಡಿರಿ. ಸರಕಿನ ಜೊತೆಗೆ 'ಇ-ವೇ ಬಿಲ್' ಎಂಬ ಚೀಟಿ ಇರಬೇಕು. ಇದು 2018ರ ಏಪ್ರಿಲಿನಿಂದ ಬಂದದ್ದು. ಈಗಿನ ನಿಯಮದಂತೆ ಪ್ರತಿ 200 ಕಿಲೋಮೀಟರಿಗೆ ಒಂದು ದಿನದ ಅವಧಿ ಅದಕ್ಕಿರುತ್ತದೆ. ಹೊಸೂರಿನಿಂದ ದೆಹಲಿಗೆ ಸುಮಾರು 2,200 ಕಿಲೋಮೀಟರ್. ಭಾಗಿಸಿದರೆ ಹನ್ನೊಂದು ದಿನ. ಚೀಟಿ ಹನ್ನೊಂದು ದಿನ ಕೊಡುತ್ತದೆ. ಒಬ್ಬನೇ ಚಾಲಕನಿಗೆ ಕಂಪನಿಯು "ನಾಲ್ಕೇ ದಿನದಲ್ಲಿ ತಲುಪಬೇಕು" ಎಂದರೆ, ಆ ಅವಸರ ಕಾನೂನಿನದಲ್ಲ, ಕಂಪನಿಯದು. ನಾಲ್ಕು ದಿನವೆಂದರೆ ದಿನಕ್ಕೆ 550 ಕಿಲೋಮೀಟರ್. ಅದಕ್ಕೆ ಎಷ್ಟು ಗಂಟೆ ಬೇಕೆಂದು ನೀವೇ ಲೆಕ್ಕ ಹಾಕಿರಿ.

ಇನ್ನು ಡೀಸೆಲ್ಲಿನ ಮಾತು. ಇದನ್ನು ಸ್ವಲ್ಪ ನಿಧಾನವಾಗಿ ಓದಿರಿ. ಹೊಸೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಸೇಲಂ 300 ಮೀಟರಿಗೂ ಕಡಿಮೆ ಎತ್ತರದಲ್ಲಿದೆ. ಅಂದರೆ ನಮ್ಮ ಊರಿನಿಂದ ತೆಂಕಣಕ್ಕೆ ಹೊರಟ ಲಾರಿ ಹೊರೆ ಹೊತ್ತುಕೊಂಡು 600 ಮೀಟರ್ ಕೆಳಗೆ ಇಳಿಯಬೇಕು. ಧರ್ಮಪುರಿ ದಾಟಿದ ಮೇಲೆ ತೊಪ್ಪೂರು ಘಾಟಿ ಬರುತ್ತದೆ. ಉದ್ದನೆಯ ಇಳಿಜಾರು, ತಿರುವುಗಳು. ಅಲ್ಲಿ ಮತ್ತೆ ಮತ್ತೆ ಅಪಘಾತಗಳಾಗಿ ಬಹಳ ಜನ ಪ್ರಾಣ ಕಳೆದುಕೊಂಡಿದ್ದಾರೆ. ಅದಕ್ಕೆ ಒಂದು ಕಾರಣ, ಕೆಲವು ಚಾಲಕರು ಇಳಿಜಾರಿನಲ್ಲಿ ಗೇರು ತೆಗೆದು ನ್ಯೂಟ್ರಲ್ಲಿನಲ್ಲಿ ಲಾರಿಯನ್ನು ಜಾರಲು ಬಿಡುವುದು.

ಹಾಗೆ ಮಾಡಿದರೆ ಏನಾಗುತ್ತದೆ? ಗೇರಿನಲ್ಲಿದ್ದಾಗ ಎಂಜಿನ್ನು ಚಕ್ರಗಳನ್ನು ಹಿಡಿದುಕೊಂಡಿರುತ್ತದೆ. ಹಗ್ಗ ಕಟ್ಟಿದ ಎತ್ತಿನಂತೆ ಲಾರಿ ಹದ್ದಿನಲ್ಲಿರುತ್ತದೆ. ಗೇರು ತೆಗೆದರೆ ಹಗ್ಗ ಬಿಚ್ಚಿದಂತೆ. ಆಗ ಎಲ್ಲ ಭಾರವೂ ಬ್ರೇಕಿನ ಮೇಲೆಯೇ. ಇಳಿಜಾರಿನಲ್ಲಿ ಸೈಕಲ್ಲಿನ ಬ್ರೇಕು ಒತ್ತುತ್ತಲೇ ಬಂದು, ಕೆಳಗೆ ಇಳಿದ ಮೇಲೆ ಚಕ್ರದ ರಿಮ್ಮನ್ನು ಮುಟ್ಟಿ ನೋಡಿದ್ದೀರಾ? ಬಿಸಿಯಾಗಿರುತ್ತದೆ. ಇಪ್ಪತ್ತೆಂಟು ಟನ್ ಲಾರಿಯ ಬ್ರೇಕು ಅದೆಷ್ಟು ಕಾಯಬಹುದು, ಯೋಚಿಸಿರಿ. ಅತಿಯಾಗಿ ಕಾದ ಬ್ರೇಕು ಹಿಡಿಯುವುದಿಲ್ಲ. ಕೆಲವರು ಎಂಜಿನ್ನನ್ನೇ ನಿಲ್ಲಿಸಿಬಿಡುತ್ತಾರೆ. ಲಾರಿಯ ಬ್ರೇಕು ಗಾಳಿಯ ಒತ್ತಡದಿಂದ ಕೆಲಸ ಮಾಡುತ್ತದೆ. ಆ ಗಾಳಿಯನ್ನು ತುಂಬುವುದು ಎಂಜಿನ್ನೇ. ಅದು ನಿಂತರೆ ಗಾಳಿ ಮುಗಿಯುತ್ತಾ ಬರುತ್ತದೆ, ಸ್ಟೀರಿಂಗೂ ಕಲ್ಲಿನಂತೆ ಬಿಗಿಯಾಗುತ್ತದೆ.

ಇಷ್ಟು ಅಪಾಯ ಗೊತ್ತಿದ್ದೂ ಏಕೆ ಹಾಗೆ ಮಾಡುತ್ತಾರೆ? ಡೀಸೆಲ್ ಉಳಿಸಲು. ಕೆಲವು ಕಂಪನಿಗಳು, "ಲೀಟರಿಗೆ ಇಷ್ಟು ಕಿಲೋಮೀಟರ್ ಬರಲೇಬೇಕು. ಕಡಿಮೆಯಾದರೆ ನಿನ್ನ ಸಂಬಳದಲ್ಲಿ ಹಿಡಿಯುತ್ತೇವೆ, ಉಳಿದರೆ ನಿನಗೇ" ಎಂದು ಕರಾರು ಮಾಡುತ್ತವೆ. ಚೆನ್ನಾಗಿ ಓಡಿಸಿ ಡೀಸೆಲ್ ಉಳಿಸಿದವನಿಗೆ ಬಹುಮಾನ ಕೊಡುವುದು ತಪ್ಪಲ್ಲ. ಆದರೆ ಹಳೆಯ ಲಾರಿಗೆ, ಹೆಚ್ಚು ಹೊರೆ ಹೇರಿ, ಆಗದ ಮೈಲೇಜನ್ನು ಕೇಳಿದರೆ ಹೊಸ ಹುಡುಗ ಏನು ಮಾಡಿಯಾನು? ಹಳಬನೊಬ್ಬ ಅವನ ಕಿವಿಯಲ್ಲಿ, "ತೊಪ್ಪೂರಿನಲ್ಲಿ ನ್ಯೂಟ್ರಲ್ ಮಾಡು" ಎಂದು ಹೇಳಿಕೊಡುತ್ತಾನೆ. ಮೊದಲ ಸಲ ಏನೂ ಆಗುವುದಿಲ್ಲ. ಹತ್ತನೆಯ ಸಲವೂ ಏನೂ ಆಗದಿರಬಹುದು. ಅಷ್ಟರಲ್ಲಿ ಅದು ಅಭ್ಯಾಸವಾಗಿರುತ್ತದೆ. ಲಾರಿಯಿಂದ ಲಾರಿಗೆ, ಕಂಪನಿಯಿಂದ ಕಂಪನಿಗೆ ಹೋದರೂ ಆ ಅಭ್ಯಾಸ ಅವನ ಕೈಯನ್ನು ಬಿಡುವುದಿಲ್ಲ.

ಆದ್ದರಿಂದಲೇ ಮಾವನ ಮೊದಲ ಪ್ರಶ್ನೆ ಸಂಬಳದ್ದಾಗಿರಲಾರದು. "ಮೊದಲ ತಿಂಗಳುಗಳಲ್ಲಿ ಜೊತೆಗೆ ಯಾರನ್ನು ಕೂರಿಸುತ್ತಾರೆ?" ಎಂದು ಅವರು ಕೇಳುತ್ತಾರೆ. ಒಳ್ಳೆಯ ಹಿರಿಯ ಚಾಲಕನ ಪಕ್ಕದಲ್ಲಿ ಒಂದೆರಡು ತಿಂಗಳು ಓಡಿಸುವ ಅವಕಾಶವಿದ್ದರೆ, ಸಂಬಳ ಸ್ವಲ್ಪ ಕಡಿಮೆಯಾದರೂ ಅದೇ ಲೇಸು ಎಂಬುದು ನನ್ನ ಎಣಿಕೆಯೂ ಹೌದು.

ಉಳಿದ ಕೆಲವು ಸಂಗತಿಗಳನ್ನು ಬೇಗ ಹೇಳಿಬಿಡುತ್ತೇನೆ. ಲಾರಿಯ ಕಾಗದಗಳನ್ನು ನೋಡಬೇಕು. ಆರ್.ಸಿ., ಪರ್ಮಿಟ್, ವಿಮೆ, ಹೊಗೆ ತಪಾಸಣೆಯ ಚೀಟಿ, ಮತ್ತು ಲಾರಿ ಓಡಲು ಯೋಗ್ಯವಾಗಿದೆ ಎಂಬ ಎಫ್.ಸಿ. ಇವುಗಳ ತಾರೀಕು ಮುಗಿದಿರಬಾರದು. ದಾರಿಯಲ್ಲಿ ತಡೆದಾಗ ಮಾಲೀಕ ಅಲ್ಲಿ ಇರುವುದಿಲ್ಲ, ಚಾಲಕ ಇರುತ್ತಾನೆ. ಹೆಚ್ಚು ಹೊರೆ ಹೇರಿದರೆ ದಂಡ ಯಾರು ಕಟ್ಟುತ್ತಾರೆ ಎಂದು ಕೇಳಬೇಕು. 2019ರಲ್ಲಿ ತಿದ್ದಿದ ಕಾಯ್ದೆಯಲ್ಲಿ ಇದಕ್ಕೆ 20,000 ರೂಪಾಯಿ ದಂಡ, ಮೇಲೆ ಹೆಚ್ಚಾದ ಪ್ರತಿ ಟನ್ನಿಗೆ 2,000 ಎಂದಿದೆ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಂಪನಿಯಾದರೆ ಇ.ಎಸ್.ಐ. ಆಸ್ಪತ್ರೆಯ ಸೌಲಭ್ಯ ಇದೆಯೇ, ಇಪ್ಪತ್ತು ಅಥವಾ ಹೆಚ್ಚು ಜನರಿದ್ದರೆ ಭವಿಷ್ಯನಿಧಿ ಇದೆಯೇ ಎಂದು ವಿಚಾರಿಸಬೇಕು. ಒಂದೆರಡು ಲಾರಿ ಇರುವ ಸಣ್ಣ ಮಾಲೀಕರ ಬಳಿ ಇವು ಸಾಮಾನ್ಯವಾಗಿ ಇರುವುದಿಲ್ಲ. ನಮ್ಮ ದೇಶದ ಲಾರಿಗಳಲ್ಲಿ ಹೆಚ್ಚಿನವು ಇಂಥ ಸಣ್ಣ ಮಾಲೀಕರವೇ. ಹಾಗೆಂದು ಅವರೆಲ್ಲ ಕೆಟ್ಟವರಲ್ಲ. ತಾವೇ ಲಾರಿ ಓಡಿಸಿ ಮೇಲೆ ಬಂದ ಎಷ್ಟೋ ಮಾಲೀಕರು ಚಾಲಕನ ಹಸಿವು, ನಿದ್ದೆಗಳನ್ನು ದೊಡ್ಡ ಆಫೀಸಿಗಿಂತ ಚೆನ್ನಾಗಿ ಬಲ್ಲರು.

ಮತ್ತೊಂದು ಮಾತು. ಕೆಲವು ಕಡೆ ಕೆಲಸಕ್ಕೆ ಸೇರುವಾಗ ಚಾಲಕನ ಮೂಲ ಲೈಸೆನ್ಸನ್ನು ಮಾಲೀಕರು ತಮ್ಮ ಬೀರುವಿನಲ್ಲಿ ಇಟ್ಟುಕೊಳ್ಳುತ್ತಾರೆ, ಅವನು ಬಿಟ್ಟುಹೋಗದಿರಲಿ ಎಂದು. ನಕಲು ಕೊಡಬಹುದು, ಮೂಲವನ್ನು ಕೊಡಬಾರದು. ಲೈಸೆನ್ಸ್ ಚಾಲಕನದು.

ಇವನ್ನೆಲ್ಲ ಅಣ್ಣ ಎಲ್ಲಿ ತಿಳಿದುಕೊಳ್ಳಬೇಕು? ಆಫೀಸಿನ ಮೇಜಿನ ಮುಂದೆ ಅರ್ಧ ಸಿಗುತ್ತದೆ. ಉಳಿದರ್ಧ ಸಿಗುವುದು ಲಾರಿಗಳು ನಿಲ್ಲುವ ಜಾಗದಲ್ಲಿ, ಪಕ್ಕದ ಚಹಾ ಅಂಗಡಿಯಲ್ಲಿ. ಹೊಸೂರಿನ ಹುಡುಗನಿಗೆ ಇಲ್ಲಿ ಒಂದು ಅನುಕೂಲವಿದೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಸಂತೆಯಲ್ಲಿ ತೆಲುಗು ಅವನಿಗೆ ತಾನಾಗಿ ಬಂದಿರುತ್ತವೆ. ಮೂರು ರಾಜ್ಯದ ಚಾಲಕರನ್ನೂ ಅವರವರ ಮಾತಿನಲ್ಲಿಯೇ ಕೇಳಬಹುದು. "ಅಣ್ಣಾ, ಸಂಬಳ ತಾರೀಕಿಗೆ ಸರಿಯಾಗಿ ಬರುತ್ತದಾ? ಗಾಡಿ ಕೆಟ್ಟರೆ ಫೋನ್ ಎತ್ತುತ್ತಾರಾ? ಹಬ್ಬಕ್ಕೆ ಊರಿಗೆ ಕಳಿಸುತ್ತಾರಾ?" ಎಂದು ಕೇಳಿದರೆ ಯಾರೂ ಸಿಟ್ಟಾಗುವುದಿಲ್ಲ. ಒಂದೇ ಕಂಪನಿಯಲ್ಲಿ ಹತ್ತು ವರ್ಷ ಇರುವ ಚಾಲಕರು ಇದ್ದರೆ ಒಳ್ಳೆಯ ಗುರುತು. ಎಲ್ಲರೂ ಬಂದು ಮೂರು ತಿಂಗಳಾಗಿದ್ದರೆ, ಹಳಬರು ಏಕೆ ಹೋದರು ಎಂದು ತಿಳಿಯಬೇಕು. ಮಾತು ಆಡುತ್ತಲೇ ಲಾರಿಗಳ ಟೈರುಗಳನ್ನೂ ನೋಡಬಹುದು. ಗೀರುಗಳೆಲ್ಲ ಸವೆದು ನುಣ್ಣಗಾದ ಟೈರಿನಲ್ಲಿ ಲಾರಿ ಓಡಿಸುವ ಕಂಪನಿಯು ಬ್ರೇಕಿಗೂ ಅಷ್ಟೇ ಖರ್ಚು ಮಾಡುತ್ತಿರುತ್ತದೆ. ಕ್ಯಾಬಿನ್ನಿನೊಳಗೆ ಒಮ್ಮೆ ಇಣುಕಬಹುದು. 2025ರ ಅಕ್ಟೋಬರಿನಿಂದ ತಯಾರಾಗುವ ದೊಡ್ಡ ಲಾರಿಗಳ ಕ್ಯಾಬಿನ್ನಿಗೆ ಎ.ಸಿ. ಇರಲೇಬೇಕು. ಹಳೆಯ ಲಾರಿಯಾದರೆ ಮಲಗುವ ಹಲಗೆ, ಒಂದು ಫ್ಯಾನು ಇದ್ದರೂ ಸಾಕಷ್ಟೇ.

ಇಷ್ಟೆಲ್ಲ ವಿಚಾರಿಸಿ ಅಣ್ಣ ಮೊದಲನೆಯ ಕಂಪನಿಗೆ ಸೇರಿದ. ಮೊದಲ ಎರಡು ತಿಂಗಳು ಹಿರಿಯ ಚಾಲಕರೊಬ್ಬರ ಜೊತೆ ಶೂಲಗಿರಿಯಿಂದ ಚೆನ್ನೈಗೆ ಬಿಡಿಭಾಗ ಸಾಗಿಸುವ ಕೆಲಸ. ಹೊರಡುವ ಸಂಜೆ ಅಮ್ಮ ಬುತ್ತಿ ಕಟ್ಟಿಕೊಟ್ಟಳು. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರು. ಹಿರಿಯ ಚಾಲಕರು ಸುತ್ತಿಗೆಯನ್ನು ಅಣ್ಣನ ಕೈಗೆ ಕೊಟ್ಟು, "ಹೋಗಪ್ಪ, ಹತ್ತು ಟೈರನ್ನೂ ತಟ್ಟಿ ಬಾ. ಆಮೇಲೆ ಹೊರಡೋಣ" ಎಂದರು.